ಮೂರು ಗೆರೆಯ ಬಾರುಕೋಲು

ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಿರ್ಚಿ ಅಂಗಡಿ ಇದೆ. ಅಲ್ಲಿ ಪೇಪರ್ ಒಂದೇ, ಓದುವವರು ಹದಿನೈದು ಜನ. ಕೈಯಿಂದ ಕೈಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಮೊದಲ ಪುಟ ಎಣ್ಣೆ ಕುಡಿದು ಈ ಕಡೆಯಿಂದ ಆ ಕಡೆ ಕಾಣುತ್ತಿರುತ್ತದೆ. ಪಾರದರ್ಶಕ ಆಡಳಿತ ಅಂತಾರಲ್ಲ, ಅದನ್ನು ನಾನು ಕಂಡಿದ್ದು ಆ ಪುಟದಲ್ಲೇ.

ಮೊನ್ನೆ ಅಲ್ಲಿ ಯಲಬುರ್ಗಾ ಕಡೆಯ ನಮ್ಮ ಕಾಕಾ ಸಿಕ್ಕರು. ಎಂಟು ಎಕರೆ ಎರೆ ಹೊಲ, ಒಂದು ಜೋಡಿ ಎತ್ತು. ಊರೆಲ್ಲ ಟ್ರ್ಯಾಕ್ಟರ್ ತಂದರೂ ಇವರು ಎತ್ತು ಬಿಟ್ಟಿಲ್ಲ. ಪೇಪರಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:

"ತಮ್ಮಾ, ಸಂಸದರಿಗೆ ವಿಪ್ ಜಾರಿ ಅಂತ ಬರದಾರ. ವಿಪ್ ಅಂದ್ರ ಏನು?"

"ಬಾರುಕೋಲು ಕಾಕಾ."

ಕಾಕಾ ನಗಲಿಲ್ಲ. ಬಾರುಕೋಲಿನ ವಿಷಯದಲ್ಲಿ ಅವರಿಗೆ ತಮಾಷೆ ಆಗಿಬರುವುದಿಲ್ಲ. ನಾನು ಬಿಡಿಸಿ ಹೇಳಿದೆ. ಅದು ಪಕ್ಷದಿಂದ ಸಂಸದರಿಗೆ ಬರುವ ಒಂದು ಕಾಗದ. ಅಕ್ಷರದ ಕೆಳಗೆ ಒಂದು ಗೆರೆ ಇದ್ದರೆ 'ಮತಕ್ಕೆ ಹಾಕ್ತಾರೆ, ಗೊತ್ತಿರಲಿ' ಅಂತ. ಎರಡು ಗೆರೆ ಇದ್ದರೆ 'ಸದನದಲ್ಲಿ ಇರಲೇಬೇಕು'. ಮೂರು ಗೆರೆ ಇದ್ದರೆ 'ಇರಬೇಕು, ನಾವು ಹೇಳಿದ ಕಡೆಗೇ ಮತ ಹಾಕಬೇಕು'. ಹಾಕದಿದ್ದರೆ ಸೀಟೇ ಹೋಗಬಹುದು. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದಾಗಿನಿಂದ ಹೀಗೆ. 15 ದಿನದೊಳಗೆ ಪಕ್ಷ ಕ್ಷಮಿಸಿದರೆ ಮಾತ್ರ ಬಚಾವ್.

ಕಾಕಾ ಮಿರ್ಚಿ ಕೆಳಗಿಟ್ಟರು. "ಅಲ್ಲಪಾ, ಸಂತ್ಯಾಗ ಹಲ್ಲು ಹಿಡದು ನೋಡಿದವ್ರು ನಾವು. ಸುಳಿ ನೋಡಿದವ್ರು ನಾವು. ಬಿಸಲಾಗ ಪಾಳಿ ಹಚ್ಚಿ ಆರಿಸಿ ತಂದವ್ರು ನಾವು. ಬಾರುಕೋಲು ಮಾತ್ರ ಬ್ಯಾರೆಯವ್ರ ಕೈಯಾಗ?"

ಲೋಕಸಭೆಯಲ್ಲಿ 543 ಸೀಟು. ಕರ್ನಾಟಕಕ್ಕೆ 28. ಅದರಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಅಂತ ನಮ್ಮವು ಮೂರು. ಈ ಮೂರು ಸೀಟಿಗಾಗಿ ನಾವು ತಿಂಗಳುಗಟ್ಟಲೆ ಜಗಳಾಡುತ್ತೇವೆ. ಅಣ್ಣ ತಮ್ಮ ಮಾತು ಬಿಡುತ್ತಾರೆ, ಬೀಗರ ಮನೆಯ ಊಟ ನಿಲ್ಲುತ್ತದೆ. ಗೆದ್ದವರು ದಿಲ್ಲಿಗೆ ಹೋಗಿ ಒಂದು ಗುಂಡಿ ಒತ್ತುತ್ತಾರೆ. ಯಾವ ಗುಂಡಿ ಅನ್ನುವುದು ಮಾತ್ರ ಹಿಂದಿನ ದಿನವೇ ಕಾಗದದಲ್ಲಿ ಬಂದಿರುತ್ತದೆ.

"ಹಗ್ಗ ಹರಕೊಂಡು ಹೋದ್ರ?" ಎಂದರು ಕಾಕಾ.

ಒಬ್ಬನೇ ಹರಿದುಕೊಂಡು ಹೋದರೆ ಪಕ್ಷಾಂತರಿ. ಆದರೆ ಪಕ್ಷದ ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಿ ಇನ್ನೊಂದು ಪಕ್ಷಕ್ಕೆ ಸೇರಿದರೆ ಅದಕ್ಕೆ ವಿಲೀನ ಅಂತ ಹೆಸರು. ಸೀಟಿಗೆ ಧಕ್ಕೆ ಇಲ್ಲ. ಹಿಂದೆ ಮೂರನೇ ಒಂದು ಭಾಗ ಒಡೆದು ಹೋದರೂ ನಡೆಯುತ್ತಿತ್ತು, 2003ರಲ್ಲಿ ಅದನ್ನು ತೆಗೆದರು. ಕಾಕಾಗೆ ಇದು ಚೆನ್ನಾಗಿ ಅರ್ಥವಾಯಿತು. ಒಂದು ಎತ್ತು ಹೋದರೆ ಕಳವು, ಇಡೀ ಕೊಟ್ಟಿಗೆ ಹೋದರೆ ದಿಬ್ಬಣ. ಸಂತೆಯಲ್ಲಿ ದಲಾಲರು ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವುದು ನೆನಪಾಗಿ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡರು.

ನಾನು ಉತ್ಸಾಹ ಬಂದು ಮುಂದುವರಿದೆ. "ಹಂಗೇನಿಲ್ಲ ಕಾಕಾ, ಸುಮ್ನೆ ಕಾನೂನು ಆಗಲ್ಲ. ಒಂದು ಮಸೂದೆಗೆ ಪ್ರತಿ ಸದನದಲ್ಲೂ ಮೂರು ವಾಚನ ಆಗಬೇಕು."

ಅವರಿಗೆ ಅದು ವಚನ ಅಂತ ಕೇಳಿಸಿತು. ಕೈ ಮುಗಿದರು. "ಬಸವಣ್ಣನವರವಾ?"

ಅಲ್ಲ, ಓದುವುದು ಎಂದೆ. ಮೊದಲ ವಾಚನ ಅಂದರೆ ಮಸೂದೆ ಮಂಡಿಸಲು ಅನುಮತಿ ಕೇಳುವುದು. ಎರಡನೆಯದರಲ್ಲಿ ಚರ್ಚೆ. ಬೇಕಾದರೆ ಸಮಿತಿಗೆ ಕಳಿಸಬಹುದು. ಆಮೇಲೆ ಒಂದೊಂದೇ ಕಲಮಿಗೆ ಒಪ್ಪಿಗೆ. ಮೂರನೆಯದರಲ್ಲಿ ಇಡೀ ಮಸೂದೆಗೆ ಹೂಂ ಅನ್ನುವುದು.

"ಮೂರು ಸಲ ಓದಿದ್ರ ಎಲ್ಲಾರಿಗೂ ಬಾಯಿಪಾಠ ಆಗಿರಬೇಕು."

ಇಲ್ಲೇ ಕಷ್ಟ. ಈ ಮೂರು ವಾಚನದಲ್ಲಿ ಗಟ್ಟಿಯಾಗಿ ಓದುವುದು ಎಲ್ಲೂ ಇಲ್ಲ. ಇಂಗ್ಲೆಂಡಿನಲ್ಲಿ ಅಚ್ಚು ಇಲ್ಲದ ಕಾಲದಲ್ಲಿ ಗುಮಾಸ್ತ ಎದ್ದು ನಿಂತು ಓದುತ್ತಿದ್ದ, ಆ ಹೆಸರು ಹಾಗೇ ಉಳಿಯಿತು. ಅಚ್ಚು ಬಂತು, ಓದುವುದು ನಿಂತಿತು.

ಇನ್ನು ಒಪ್ಪಿಗೆ. ಸಭಾಧ್ಯಕ್ಷರು 'ಪರ ಇರುವವರು ಹೌದು ಅನ್ನಿ' ಅನ್ನುತ್ತಾರೆ. ಒಂದು ಸದ್ದು. 'ವಿರುದ್ಧ ಇರುವವರು ಇಲ್ಲ ಅನ್ನಿ.' ಇನ್ನೊಂದು ಸದ್ದು. ಯಾವ ಸದ್ದು ದೊಡ್ಡದು ಅಂತ ಅವರ ಕಿವಿ ತೀರ್ಮಾನ ಮಾಡುತ್ತದೆ. ನಮ್ಮ ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಸವಾಲು ಮಾಡುವಾಗಲೂ ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಅಂತ ಕೂಗಿ, ಹಿಂದಿನ ಸಾಲಿನ ಮುದುಕಪ್ಪ ಕೈ ಎತ್ತಿದನಾ ಅಂತ ಒಮ್ಮೆ ಇಣುಕಿ ನೋಡುತ್ತಾರೆ. ಸದನದಲ್ಲೂ ಎಣಿಸಿ ಅಂತ ಕೇಳಬಹುದು, ನಿಯಮ ಇದೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆ ಬಂದಾಗ ಪ್ರತಿಪಕ್ಷದವರು ಎಣಿಸಿ ಎಂದೇ ಕೂಗಿದರು. ಗದ್ದಲದಲ್ಲಿ ಧ್ವನಿಮತಕ್ಕೇ ಪಾಸಾಯಿತು. ಆಮೇಲೆ ರೈತರು ದಿಲ್ಲಿ ಗಡಿಯಲ್ಲಿ ವರ್ಷವಿಡೀ ಕೂತರು. 2021ರ ನವೆಂಬರ್ 29ರಂದು ಅವೇ ಕಾನೂನು ವಾಪಸ್ ಹೋದವು. ಒಂದೇ ದಿನ, ಎರಡೂ ಸದನ, ಚರ್ಚೆ ಇಲ್ಲ. ಬರುವಾಗ ಕೇಳಲಿಲ್ಲ, ಹೋಗುವಾಗ ಹೇಳಲಿಲ್ಲ. ನಮ್ಮ ಓಣಿಯ ನಲ್ಲಿ ನೀರು ನೋಡಿ, ಥೇಟ್ ಹಾಗೇ.

"ಮ್ಯಾಲಿನ ಮನಿ ಹಿರಿಯರು ಏನ್ ಮಾಡ್ತಾರ?" ರಾಜ್ಯಸಭೆಯ ಬಗ್ಗೆ ಕಾಕಾಗೆ ಮೊದಲಿನಿಂದಲೂ ಗೌರವ. ಹಣಕಾಸಿನ ಮಸೂದೆ ಬಂದರೆ ಹಿರಿಯರಿಗೆ 14 ದಿನ ಟೈಮು ಎಂದೆ. ಅಷ್ಟರೊಳಗೆ ಏನಾದರೂ ಹೇಳಬಹುದು. ಹೇಳದಿದ್ದರೆ ಒಪ್ಪಿದರು ಅಂತ ಅರ್ಥ. ಹೇಳಿದರೆ ಕೇಳಲೇಬೇಕು ಅಂತಿಲ್ಲ. ಕಾಕಾ ಒಂದು ನಿಮಿಷ ಸುಮ್ಮನಾದರು. ಮಗನ ಮದುವೆ ಖರ್ಚಿನ ಲೆಕ್ಕ ನೆನಪಾಗಿರಬೇಕು.

ಬಜೆಟ್ಟಿನ ಕಥೆ ಕೇಳಿ ಮಾತ್ರ ಜೋರಾಗಿ ನಕ್ಕರು. ಒಂದೊಂದು ಇಲಾಖೆಯ ಬೇಡಿಕೆಯನ್ನೂ ಚರ್ಚಿಸಬೇಕು. ಕೊನೆಯ ದಿನ ಹೊತ್ತಾದಾಗ ಉಳಿದದ್ದನ್ನೆಲ್ಲ ಕೂಡಿಸಿ ಒಟ್ಟಿಗೆ ಪಾಸು. ಗಿಲೋಟಿನ್ ಅಂತ ಹೆಸರು, ತಲೆ ಕಡಿಯುವ ಯಂತ್ರ. "ದಿನಾ ಜಗಳ ಮಾಡಿ, ರೊಕ್ಕದ ಲೆಕ್ಕ ಬಂದಾಗ ಹೊತ್ತಾತು ಅಂತ ಏಳೂದಾ! ಇದು ನಮ್ಮ ಸಣ್ಣ ತಮ್ಮನ ಕೆಲಸ."

ಎಲ್ಲವನ್ನೂ ಬೈದರೆ ಬಾಯಿಗೆ ಹುಳ ಬೀಳುತ್ತದೆ. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ ಕಲಮು 371ಜೆ ಸಿಕ್ಕಿದ್ದೂ ಇದೇ ಸಂಸತ್ತಿನಿಂದ, 2012ರ 98ನೇ ತಿದ್ದುಪಡಿಯಿಂದ. ಸಂವಿಧಾನದ ತಿದ್ದುಪಡಿಗೆ ಕೂಗಾಟ ಸಾಲದು. ತಲೆ ಎಣಿಸಲೇಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಕಾಕಾನ ಮೊಮ್ಮಗ ಆ ಸರ್ಟಿಫಿಕೇಟ್ ಹಿಡಿದೇ ಕಾಲೇಜು ಸೇರಿದ್ದು. 2019ರಲ್ಲಿ ರಾಜ್ಯ ಸರ್ಕಾರ ನಮ್ಮನ್ನು ಕಲ್ಯಾಣ ಕರ್ನಾಟಕ ಮಾಡಿತು. ಬೋರ್ಡ್ ಬರೆಯುವವರು ಬಣ್ಣ ಹಚ್ಚಿ ಬದಲಿಸಿದರು. ಕಲಮಿನಲ್ಲಿ ಬರೆದದ್ದು ಮಾತ್ರ ಹೈದರಾಬಾದ್-ಕರ್ನಾಟಕ ಅಂತ. ಹೀಗಾಗಿ ಮೊಮ್ಮಗ ಮನೆಯಲ್ಲಿ ಕಲ್ಯಾಣದವನು, ಸಂವಿಧಾನದಲ್ಲಿ ಹೈದರಾಬಾದಿನವನು.

"ದೊಡ್ಡ ಎತ್ತೂ ಒಮ್ಮೆ ಬಂದಿತ್ತಲ್ಲ ಬಳ್ಳಾರಿಗೆ" ಎಂದರು ಕಾಕಾ. 1999ರ ಮಾತು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯ ಬಿಸಿಲಿಗೆ ಬಂದಿದ್ದರು. ಸುಷ್ಮಾ ಕನ್ನಡ ಕಲಿತು ಮಾತಾಡಿದರು, ಸೋತರು. ಸೋನಿಯಾ ಗೆದ್ದರು, ಅಮೇಠಿಯಲ್ಲೂ ಗೆದ್ದಿದ್ದರು, ಅದನ್ನೇ ಇಟ್ಟುಕೊಂಡರು. ಕಾನೂನು ಹಾಗೇ ಇದೆ. ಎರಡು ಕಡೆ ನಿಲ್ಲಬಹುದು, ಒಂದೇ ಕಡೆ ಕೂಡಬೇಕು. ಬಳ್ಳಾರಿಯವರು ಮತ್ತೆ ಬೆರಳಿಗೆ ಮಸಿ ಹಚ್ಚಿಸಿಕೊಂಡರು.

"ಹಂಗಾದ್ರ ನಮ್ಮ ಸಂಸದರು ತಾವಾಗೇ ಒಂದು ಕಾನೂನು ತರಾಕ ಬರೂದಿಲ್ಲೇನು?"

ಬರುತ್ತದೆ ಎಂದೆ. ಮಂತ್ರಿ ಅಲ್ಲದ ಸದಸ್ಯರೂ ಖಾಸಗಿ ಮಸೂದೆ ತರಬಹುದು. ಲೋಕಸಭೆಯಲ್ಲಿ ಅದಕ್ಕೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಅರ್ಧ ಜನ ಆಗಲೇ ಊರಿನ ದಾರಿ ಹಿಡಿದಿರುತ್ತಾರೆ. ಸ್ವಾತಂತ್ರ್ಯ ಬಂದಮೇಲೆ ಹೀಗೆ ಕಾನೂನಾದದ್ದು ಒಟ್ಟು 14. ಕೊನೆಯದು 1970ರಲ್ಲಿ. ಆ ವರ್ಷ ಹುಟ್ಟಿದವರು ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಿದ್ದಾರೆ.

ಅಷ್ಟರಲ್ಲಿ ಅಂಗಡಿಯ ಹುಡುಗ ಬಂದ. "ಆರು ಮಿರ್ಚಿ, ಎರಡು ಮಂಡಕ್ಕಿ ಒಗ್ಗರಣೆ, ನಾಲ್ಕು ಚಾ" ಅಂತ ಒಂದೇ ಉಸಿರಿಗೆ ಹೇಳಿ ಚೀಟಿ ಇಟ್ಟ. ನಾನು ಜೇಬಿಗೆ ಕೈ ಹಾಕಿದೆ. ಕಾಕಾ ತಡೆದರು.

"ತಡಿ. ಮೊದಲಿಂದ ಓದು."

ಹುಡುಗ ಓದಿದ. ಆರನೇ ಮಿರ್ಚಿಗೆ ಕಾಕಾ ಕೈ ಎತ್ತಿದರು. ಅದು ತಟ್ಟೆಗೆ ಬಿದ್ದಾಗಲೇ ತಣ್ಣಗಿತ್ತು, ನಾವು ವಾಪಸ್ ಕಳಿಸಿದ್ದೆವು. ಪಕ್ಕದ ಟೇಬಲಿನವರೂ ಹೌದ್ರಿ, ನಾವು ನೋಡೀವಿ ಅಂದರು. ಗಲ್ಲೆಯ ಮೇಲಿದ್ದ ಮಾಲೀಕರು ಇಣುಕಿ ನೋಡಿ ತಲೆಯಾಡಿಸಿದರು. ಹುಡುಗ ಕಿವಿಯ ಮೇಲಿನ ಪೆನ್ನು ತೆಗೆದು ಆರನ್ನು ಹೊಡೆದು ಐದು ಮಾಡಿದ.

"ಈಗ ಪಾಸ್ ಮಾಡು" ಎಂದು ಕಾಕಾ ಆ ಚೀಟಿಯನ್ನು ನನ್ನ ಕಡೆ ತಳ್ಳಿ, ಕುಕನೂರು ಬಸ್ಸು ಬಂತೇನೋ ನೋಡಲು ಹೊರಗೆ ಹೋದರು.