ಚಿನ್ನ ಎಂದು ಹುಡುಕಿದರೆ ಸೊನ್ನೆ

ಕೆಜಿಎಫ್ ಗಣಿಗಳ ಚರಿತ್ರೆಗೆಂದೇ ವಿಶ್ವವಿದ್ಯಾಲಯವೊಂದು ಕಟ್ಟಿಸಿದ ಡಿಜಿಟಲ್ ಆರ್ಕೈವ್‌ಗೆ ಹೋಗಿ 'ಚಿನ್ನ' ಎಂದು ಟೈಪಿಸಿ ಎಂಟರ್ ಒತ್ತಿ. ಉತ್ತರ ಬರುತ್ತದೆ: 'ಒಟ್ಟು ಫಲಿತಾಂಶ 0'. 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಲ್ಲಿಂದ 2001ರ ಫೆಬ್ರವರಿ 28ರಂದು ಸರ್ಕಾರಿ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಬೀಗ ಜಡಿಯುವವರೆಗೆ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ ಅದು. ಆರ್ಕೈವ್ ಲೆಕ್ಕದಲ್ಲಿ ಒಂದು ಗುಲಗಂಜಿಯೂ ಇಲ್ಲ.

ಹುಡುಕುವ ಯಂತ್ರವನ್ನು ಬೈಯಬೇಡಿ, ಅದರ ತಪ್ಪೇನಿಲ್ಲ. ಒಳಗಿರುವ ಕನ್ನಡ ಪ್ರಬಂಧಗಳೆಲ್ಲ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿ ಹಾಗೆಯೇ ಪಿಡಿಎಫ್ ಆದವು. ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿಗೆ ಕಾಣುವುದು ರೋಮನ್ ಅಕ್ಷರಗಳ ಚಿಲ್ಲರೆ. ಅಲ್ಲಿನ 'ಚಿನ್ನ'ವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ: ಒಂದು ಸಣ್ಣ ಎ, ಒಂದು ಪೌಂಡಿನ ಗುರುತು, ನೆತ್ತಿಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಕೊನೆಗೆ ಜರ್ಮನರ ಜೋಡಿ ಎಸ್. ಕೋಲಾರದ ಚಿನ್ನವನ್ನು ಕೆರೆದರೆ ಒಳಗಿನಿಂದ ಪೌಂಡು ಹೊರಬೀಳುವುದು ಚರಿತ್ರೆಗೆ ಹೊಂದುವ ಮಾತೇ. ಲಂಡನ್ನಿನ ಷೇರುದಾರರಿಗೂ ಅದು ಹಾಗೆಯೇ ಕಂಡಿತ್ತು.

ಮದ್ದಿಲ್ಲದ ರೋಗವೇನಲ್ಲ. ಪಿಡಿಎಫ್ ಮಾಡುವ ಮುಂಚೆ ವರ್ಡ್ ಕಡತವನ್ನು ಕಂಪ್ಯೂಟರಿಗೂ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ತಿರುಗಿಸಬೇಕು, ಅದಕ್ಕೆ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಯಾವ ಪದ ಯಾವ ಫಾಂಟಿನಲ್ಲಿದೆ ಎಂದು ನೋಡದೆ ಇಡೀ ಪುಟವನ್ನು ಸುರಿದರೆ ಮಾತ್ರ, ನಡುವೆ ಇಂಗ್ಲಿಷಿನಲ್ಲಿ ಬರೆದ ಶಾಫ್ಟ್ (ಗಣಿಬಾವಿ) ಹೆಸರುಗಳನ್ನೂ ಅದು ನುಡಿಯೆಂದೇ ತಿಳಿದು ಯಾವ ಭಾಷೆಗೂ ಸೇರದ ಕನ್ನಡ ಮಾಡಿಬಿಡುತ್ತದೆ. ಆದ್ದರಿಂದ ಕೊನೆಗೆ ಕೂತು ಓದಿ ನೋಡಲು ಒಬ್ಬ ಮನುಷ್ಯ ಬೇಕು. ಟೆಂಡರಿನಲ್ಲಿ ಪುಟಕ್ಕೆ ಇಷ್ಟು ಪೈಸೆ ಎಂದಿತ್ತು, ಓದುವ ಬಾಬ್ತು ಇರಲಿಲ್ಲ.

ಈ ಸೊನ್ನೆಗೆ ಕೈಮುಗಿಯುವವರೂ ಇದ್ದಾರೆನ್ನಿ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧಕ್ಕೆ ಬೇರೆ ಬರಹಗಳೊಂದಿಗೆ ಶೇ. 10ರವರೆಗಿನ ಹೋಲಿಕೆ ಇದ್ದರೆ ದಂಡವಿಲ್ಲ. ಯುನಿಕೋಡಿನ ಲೇಖನದಿಂದ ಎತ್ತಿ ನುಡಿಗೆ ಇಳಿಸಿದ ಅಧ್ಯಾಯವನ್ನು ಕೃತಿಚೌರ್ಯ ಪತ್ತೆ ಯಂತ್ರ ಹೋಲಿಸುವುದಾದರೂ ಯಾವುದಕ್ಕೆ? ಶೇ. 0 ಎಂದು ಪ್ರಮಾಣಪತ್ರ ಬರುತ್ತದೆ, ಅದನ್ನೂ ಸ್ಕ್ಯಾನ್ ಮಾಡಿ ಪ್ರಬಂಧದ ಮುಂದೆ ಹೊಲಿಯುತ್ತಾರೆ. ಎರಡನೇ ಅಧ್ಯಾಯ 'ಕೋಲಾರ ಜಿಲ್ಲೆಯ ಭೌಗೋಳಿಕ ಪರಿಚಯ' ಎಲ್ಲ ಪ್ರಬಂಧಗಳಲ್ಲೂ ಒಂದೇ. ಯಾರು ಯಾವ ವರ್ಷ ಬರೆದರೂ ಜಿಲ್ಲೆಯ ಸರಾಸರಿ ಮಳೆ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ.

ಇನ್ನು ದಿನಾಂಕ. ಇಂಥ ತಂತ್ರಾಂಶದಲ್ಲಿ ದಾಖಲೆ ಹುಟ್ಟಿದ ದಿನಕ್ಕೆ ಒಂದು ಕಾಲಂ, ಅಪ್‌ಲೋಡ್ ಆದ ದಿನಕ್ಕೆ ಇನ್ನೊಂದು. ಎರಡನೆಯದನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಮೊದಲನೆಯದನ್ನು ತುಂಬಲು ರಟ್ಟು ತೆರೆದು ನೋಡಬೇಕು, ಹಾಗಾಗಿ ಅದಕ್ಕೂ ಅದೇ ದಿನ ಬಿತ್ತು. ಟೇಲರ್ ಕಾಲದ ಸಂಬಳದ ಪುಸ್ತಕ, 1956ರ ರಾಷ್ಟ್ರೀಕರಣದ ಪತ್ರ, ಬಿಜಿಎಂಎಲ್‌ನ ಕೊನೆಯ ಸುತ್ತೋಲೆ, ಎಲ್ಲವೂ ಮಾರ್ಚ್ 31ರ ಸಂಜೆ ಸಂಭವಿಸಿವೆ. ಅನುದಾನ ಮುಗಿಸಬೇಕಾದ ದಿನ ಅದೇ ಆಗಿತ್ತು. ಕರ್ತೃವಿನ ಕಾಲಂನಲ್ಲಿ ಎಲ್ಲದಕ್ಕೂ 'ಅಡ್ಮಿನ್'. ಭಾಷೆಯ ಪಟ್ಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೇ ಇದ್ದದ್ದರಿಂದ ಗಣಿ ಕಾರ್ಮಿಕರಲ್ಲಿ ಬಹುಪಾಲು ಜನ ಮನೆಯಲ್ಲಿ ಆಡುತ್ತಿದ್ದ ತಮಿಳು 'ಇತರೆ' ಆಗಿ ಕೂತಿದೆ.

ಪದಗಳ ಕಥೆ ಇನ್ನೂ ಮಜಾ. ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದನ್ನು ಈಗ ರಾಕ್ ಬರ್ಸ್ಟ್ ಅನ್ನುತ್ತಾರೆ. ಹಳೆಯ ವರದಿಗಳಲ್ಲಿ ಅದರ ಹೆಸರು ಏರ್ ಬ್ಲಾಸ್ಟ್, ಕೆಲವೆಡೆ ಬರೀ ಕ್ವೇಕ್. ಎಂ.ಎ. ವಿದ್ಯಾರ್ಥಿ ರಾಕ್ ಬರ್ಸ್ಟ್ ಎಂದು ಹುಡುಕಿದಾಗ ಆರಂಭದ ದಶಕಗಳದ್ದು ಒಂದೂ ಸಿಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಬಂಡೆಗಳೂ ಶಿಸ್ತಿನಿಂದಿದ್ದವು ಎಂದು ಬರೆದು ಪ್ರಥಮ ದರ್ಜೆ ಪಡೆಯುತ್ತಾನೆ. ಊರಿಗಾಂ, ಉರಿಗಾಂ, ಊರ್ಗಾಂ ಎಂದು ಒಂದೇ ಊರು ಮೂರು ಊರಾಗಿದೆ. ಎರಡು ಪುಟದ ಸಮಾನಪದ ಪಟ್ಟಿಯೊಂದಿದ್ದರೆ ಇಷ್ಟೂ ಸರಿಹೋಗುತ್ತಿತ್ತು. ನಿವೃತ್ತ ಶಿಫ್ಟ್ ಫೋರ್‌ಮನ್ ಒಬ್ಬರನ್ನು ಕೂರಿಸಿಕೊಂಡು ಎರಡು ಸಲ ಟೀ ಕುಡಿಸಿದರೆ ಮಧ್ಯಾಹ್ನದೊಳಗೆ ಪಟ್ಟಿ ತಯಾರು. ಅವರಿಗೆ ಪಿಎಚ್‌ಡಿ ಇಲ್ಲವಾದ್ದರಿಂದ ಸಲಹಾ ಸಮಿತಿಗೆ ಕರೆಯಲಾಗಲಿಲ್ಲ.

ನಕಾಶೆಗಳ ಗತಿ ನೋಡಿಯೇ ನಗಬೇಕು. ಗಣಿಯ ಹಳೆಯ ನಕಾಶೆಗಳು ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ ಬರೆದಂಥವು, ಸುರುಳಿ ಸುತ್ತಿ ಇಟ್ಟಂಥವು. ಬಿಚ್ಚಿ, ಭಾರವಿಟ್ಟು ದಿನಗಟ್ಟಲೆ ಮಲಗಿಸಿ, ಅಗಲದ ಸ್ಕ್ಯಾನರಿನಲ್ಲಿ ಬಣ್ಣದಲ್ಲೇ ತೆಗೆಯಬೇಕು. ಎ-ಸೊನ್ನೆ ಅಳತೆಯ ಹಾಳೆಗೆ 300 ಡಿಪಿಐನಲ್ಲಿ ಕುಗ್ಗಿಸದ ಕಡತ ಸುಮಾರು 420 ಎಂಬಿ ಆಗುತ್ತದೆ. ಇಲ್ಲಿ ಅಪ್‌ಲೋಡ್ ಮಿತಿ 10 ಎಂಬಿ. ಆದ್ದರಿಂದ ಮೊದಲು ಬಣ್ಣ ತೆಗೆದರು. ಯಾವ ವರ್ಷ ಯಾವ ಭಾಗದ ಅದಿರು ತೆಗೆದರೆಂದು ನಕಾಶೆಗಾರ ಒಂದೊಂದು ವರ್ಷಕ್ಕೆ ಒಂದೊಂದು ಬಣ್ಣ ತುಂಬಿದ್ದ. ಕಪ್ಪು-ಬಿಳುಪಿನಲ್ಲಿ ಅಷ್ಟೂ ವರ್ಷಗಳು ಒಂದೇ ಮಸಿಯಾದವು. ಆಮೇಲೆ ಎ-ನಾಲ್ಕಕ್ಕೆ ಕುಗ್ಗಿಸಿದರು. ಎ-ಸೊನ್ನೆಯ ಉದ್ದ 1,189 ಮಿ.ಮೀ., ಎ-ನಾಲ್ಕರದ್ದು 297, ಅಂದರೆ ಸರಿಯಾಗಿ ಕಾಲು ಭಾಗ. ಮೂಲೆಯಲ್ಲಿ 'ಇಂಚಿಗೆ 40 ಅಡಿ' ಎಂಬ ಬರಹ ಮಾತ್ರ ಹಾಗೆಯೇ ಉಳಿಯಿತು, ಪಕ್ಕದಲ್ಲಿ ಗೆರೆ ಎಳೆದ ಅಳತೆಪಟ್ಟಿ ಅಂಚು ಕತ್ತರಿಸುವಾಗ ಹೋಯಿತು. ಸ್ಕೇಲ್ ಇಟ್ಟು ಅಳೆದರೆ ಸುಮಾರು 3,200 ಮೀಟರ್ ಆಳದ ಚಾಂಪಿಯನ್ ರೀಫ್ ಗಣಿ ಈಗ 800 ಮೀಟರಿಗೇ ತಳ ಮುಟ್ಟುತ್ತದೆ. ನೂರಿಪ್ಪತ್ತು ವರ್ಷ ತೋಡಿದ್ದರಲ್ಲಿ ಮುಕ್ಕಾಲು ಪಾಲನ್ನು ಒಂದೇ ಕ್ಲಿಕ್ಕಿನಲ್ಲಿ ಮುಚ್ಚಿದ ಕೀರ್ತಿ ವಿಭಾಗಕ್ಕೆ ಸಲ್ಲಬೇಕು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗಳಿಗೆ ಕರೆಂಟು ಕೊಟ್ಟರು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆರ್ಕೈವ್‌ನ ಸರ್ವರಿಗೆ ಎರಡಡಿ ದೂರದ ಗೋಡೆಯ ಪ್ಲಗ್ಗಿನಿಂದ ಕರೆಂಟು ತಲುಪುವುದು ಕಚೇರಿ ವೇಳೆಯಲ್ಲಿ ಮಾತ್ರ. ಐದೂವರೆಗೆ ಅಟೆಂಡರ್ ಮೇನ್ ಆಫ್ ಮಾಡಿ ಬೀಗ ಹಾಕುತ್ತಾನೆ. ಇಂಧನ ಉಳಿತಾಯದ ಸುತ್ತೋಲೆ ಬಾಗಿಲಿಗೇ ಅಂಟಿಸಿದೆ.

ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದ ದಿನ ಮಾತ್ರ ಸರ್ವರ್ ರಾತ್ರಿಯವರೆಗೂ ಓಡಿತು. ದೊಡ್ಡ ಪರದೆಯ ಮೇಲೆ ಮುಖಪುಟ, ಹೆಲ್ಮೆಟ್ ತೊಟ್ಟ ಕಾರ್ಮಿಕರ ಚಿತ್ರ, ಕೆಳಗೆ ಭೇಟಿ ಕೊಟ್ಟವರ ಸಂಖ್ಯೆ. ಯಾರೂ ಏನನ್ನೂ ಹುಡುಕಲಿಲ್ಲ.

ಕಡತ ತೆರೆಯದಿದ್ದರೆ 'ಪ್ರತಿಗಾಗಿ ವಿನಂತಿಸಿ' ಎಂಬ ಗುಂಡಿ ಇದೆ. ಒತ್ತಿದರೆ ನಿವೃತ್ತರಾದ ಗ್ರಂಥಪಾಲಕರ ವಿಳಾಸಕ್ಕೆ ಮೇಲ್ ಹೋಗುತ್ತದೆ. ಹಟ ಬಿಡದ ವಿದ್ಯಾರ್ಥಿ ವಿಭಾಗದ ಮುಖ್ಯಸ್ಥರ ಸಹಿ ಮಾಡಿಸಿಕೊಂಡು ನೇರವಾಗಿ ಹೋಗಿ ಮೂಲ ಪ್ರತಿ ಕೇಳಿದರೆ, 'ಡಿಜಿಟಲ್ ಆಗಿದೆಯಲ್ಲ, ಜಾಗ ಇರಲಿಲ್ಲ, ವಿಲೇವಾರಿ ಮಾಡಿದ್ದೇವೆ' ಎನ್ನುತ್ತಾರೆ. ಪುರಾವೆಗೆ ರದ್ದಿ ಅಂಗಡಿಯ ರಸೀದಿ ತೋರಿಸುತ್ತಾರೆ. ಸರಕು ಏನು, ತಾರೀಖು ಯಾವುದು, ಎಷ್ಟು ಕಿಲೋ, ಕೊಟ್ಟವರು ಯಾರು, ಪಡೆದವರು ಯಾರು, ಒಂದು ಕಾಲಮ್ಮೂ ಖಾಲಿಯಿಲ್ಲ.