ಇನ್ನೂ ಆರು ತಿಂಗಳು

ನಿನ್ನೆ ರಾತ್ರಿ ಟಿ.ವಿ. ಚರ್ಚೆಯಲ್ಲಿ ಒಬ್ಬರು ಖಡಾಖಂಡಿತವಾಗಿ ಹೇಳಿಬಿಟ್ಟರು: ‘ಜಿನೀವಾ ಒಪ್ಪಂದ ಇರೋದು ಯುದ್ಧಕೈದಿಗಳಿಗೆ, ವೆಸ್ಟ್ ಬ್ಯಾಂಕಿನಲ್ಲಿ ಹಿಡಿದವರಿಗಲ್ಲ.’ ವೆಸ್ಟ್ ಬ್ಯಾಂಕ್ ಅಂದರೆ 1967ರಿಂದ ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ತೀನಿಯರ ನೆಲ. ಅಲ್ಲಿ ಕೂತಿದ್ದ ಯಾರೂ ತಿದ್ದಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

1949ರ ಜಿನೀವಾ ಒಪ್ಪಂದಗಳು ನಾಲ್ಕು. ಯುದ್ಧಕೈದಿಗಳದ್ದು ಮೂರನೆಯದು. ನಾಲ್ಕನೆಯದು ನಾಗರಿಕರದ್ದು, ಅದರಲ್ಲೂ ಪರಸೇನೆಯ ಹಿಡಿತದಲ್ಲಿ ಬದುಕುವವರದ್ದು. ಇಸ್ರೇಲ್ ಅದನ್ನು 1951ರಲ್ಲೇ ಅನುಮೋದಿಸಿದೆ. ಮೊದಲು ವೆಸ್ಟ್ ಬ್ಯಾಂಕನ್ನು ಆಳುತ್ತಿದ್ದ ಜೋರ್ಡಾನಿಗೂ ಆ ನೆಲದ ಮೇಲೆ ಮಾನ್ಯ ಹಕ್ಕಿರಲಿಲ್ಲ, ಹಾಗಾಗಿ ಒಪ್ಪಂದ ಅಲ್ಲಿಗೆ ಅನ್ವಯಿಸದು ಎಂಬ ಇಸ್ರೇಲಿನ ವಾದವನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ ಒಪ್ಪಲಿಲ್ಲ.

ಯಾರನ್ನಾದರೂ ಎತ್ತಿಕೊಂಡು ಹೋದರೆ ಮೊದಲು ಕೇಳಬೇಕಾದ್ದು: ಆರೋಪ ಹೊರಿಸಿದ್ದಾರೋ, ಆರೋಪವಿಲ್ಲದೆ ಹಿಡಿದಿಡುವ ಆಡಳಿತಾತ್ಮಕ ಬಂಧನವೋ? ಎರಡರ ದಾರಿ ಬೇರೆ. ಆರೋಪವಿದ್ದರೆ ಅದನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು (ನಾಲ್ಕನೇ ಒಪ್ಪಂದದ 71ನೇ ವಿಧಿ). ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳಬಹುದು, ತನ್ನ ಪರ ಸಾಕ್ಷಿ ಕರೆಸಬಹುದು (72). ಸೆರೆ ಆಕ್ರಮಿತ ನೆಲದೊಳಗೇ ಇರಬೇಕು, ತಿಂಗಳಿಗೆ ಕನಿಷ್ಠ ಒಂದು ನೆರವಿನ ಪಾರ್ಸೆಲ್ ಸಿಗಬೇಕು (76). ಆದರೆ ಕೆಟ್ಸಿಯೋಟ್, ಮೆಗಿಡ್ಡೊ ಜೈಲುಗಳು ಇರುವುದು ಇಸ್ರೇಲಿನೊಳಗೆ. 2023ರ ಅಕ್ಟೋಬರ್‌ನಲ್ಲಿ ಕುಟುಂಬದ ಭೇಟಿಗಳು ನಿಲ್ಲುವ ಮೊದಲೂ, ವೆಸ್ಟ್ ಬ್ಯಾಂಕಿನ ಹೆಬ್ರಾನ್ ಊರಿನ ತಾಯಿ ಅಲ್ಲಿಗೆ ಹೋಗಿ ಮಗನ ಮುಖ ನೋಡಲು ಇಸ್ರೇಲ್ ಪ್ರವೇಶಿಸುವ ಪರವಾನಗಿ ಬೇಕಿತ್ತು. ಅದು ಸಿಗದಿದ್ದರೆ ಭೇಟಿಯೂ ಇರಲಿಲ್ಲ.

ಆಡಳಿತಾತ್ಮಕ ಬಂಧನಕ್ಕೆ 78ನೇ ವಿಧಿ. ಭದ್ರತೆಗೆ ಅನಿವಾರ್ಯವಾದರೆ ಮಾತ್ರ ಹಿಡಿದಿಡಬಹುದು, ಮೇಲ್ಮನವಿಯ ಹಕ್ಕಿದೆ, ಸಾಧ್ಯವಾದರೆ ಆರು ತಿಂಗಳಿಗೊಮ್ಮೆ ಮರುಪರಿಶೀಲನೆ. ವೆಸ್ಟ್ ಬ್ಯಾಂಕಿನಲ್ಲಿ ಜಾರಿಯಲ್ಲಿರುವ ಇಸ್ರೇಲಿನ ಸೇನಾ ಆದೇಶ 1651 ಕೂಡ ಆರು ತಿಂಗಳು ಎನ್ನುತ್ತದೆ. ಎರಡೂ ಒಂದೇ ಎಂದುಕೊಳ್ಳಬೇಡಿ. ಒಪ್ಪಂದದ ಆರು ತಿಂಗಳು, ಇವನನ್ನು ಇನ್ನೂ ಇಟ್ಟುಕೊಳ್ಳುವ ಕಾರಣ ಉಳಿದಿದೆಯೇ ಎಂದು ನೋಡುವ ಗಡುವು. ಆದೇಶದ ಆರು ತಿಂಗಳು, ಮತ್ತೆ ಮತ್ತೆ ನವೀಕರಿಸಬಹುದಾದ ಅವಧಿ. ಎಷ್ಟು ಸಲ ಎಂಬುದಕ್ಕೆ ಮಿತಿಯೇ ಇಲ್ಲ. ಸೇನಾ ನ್ಯಾಯಾಧೀಶರು ಪರಿಶೀಲಿಸುತ್ತಾರೆ, ನಿಜ. ಆದರೆ ಸಾಕ್ಷ್ಯದ ಕಡತ ಗುಪ್ತ. ವಕೀಲರಿಗೆ ಸಿಗುವುದು ಚುಟುಕು ಸಾರಾಂಶ. ಆ ದಿನ ನಾನು ಬೇರೆ ಊರಲ್ಲಿದ್ದೆ ಎನ್ನಬೇಕಾದರೂ ಯಾವ ದಿನ ಎಂದು ಗೊತ್ತಿರಬೇಕಲ್ಲ! ಯಾರು ಹೇಳಿದರು, ಏನು ಹೇಳಿದರು ತಿಳಿಯದೆ ಯಾವ ವಕೀಲರು ಪಾಟೀಸವಾಲು ಮಾಡಿಯಾರು?

ಮಾಹಿತಿ ಕೊಟ್ಟವರ ಜೀವಕ್ಕೆ ಅಪಾಯ ಎನ್ನುತ್ತೀರಿ. ಅಪಾಯ ಇರುತ್ತದೆ. ಒಪ್ಪಂದ ಬರೆದವರಿಗೂ ಭದ್ರತೆಯ ಚಿಂತೆ ಇತ್ತು, ಅದಕ್ಕೇ 5ನೇ ವಿಧಿ. ಖಚಿತ ಅನುಮಾನವಿದ್ದು, ಸೇನಾ ಭದ್ರತೆಗೆ ತೀರಾ ಅಗತ್ಯವಾದರೆ ಬಂಧಿತನ ಹೊರಸಂಪರ್ಕ ತಡೆಯಬಹುದು. ಅದೇ ವಿಧಿಯಲ್ಲಿ ಮುಂದಕ್ಕೆ ಓದಿ: ಅವನನ್ನೂ ಮಾನವೀಯವಾಗಿ ನಡೆಸಿಕೊಳ್ಳಬೇಕು, ವಿಚಾರಣೆ ನಡೆಸಿದರೆ ನ್ಯಾಯಯುತವಾಗಿಯೇ ನಡೆಸಬೇಕು.

ಬಂಧಿತರನ್ನು ಬೇರೆ ಯಾರ ಕಿವಿಗೂ ಬೀಳದಂತೆ ಮಾತಾಡಿಸುವ ಅಧಿಕಾರ ರೆಡ್ ಕ್ರಾಸ್‌ಗಿದೆ (143). ಸೇನಾ ಅನಿವಾರ್ಯದಲ್ಲಿ, ಅಪವಾದವಾಗಿ, ತಾತ್ಕಾಲಿಕವಾಗಿ ಮಾತ್ರ ಅದನ್ನು ತಡೆಯಬಹುದು. ಇಸ್ರೇಲ್ 2023ರ ಅಕ್ಟೋಬರ್‌ನಲ್ಲಿ ಆ ಭೇಟಿಗಳನ್ನು ನಿಲ್ಲಿಸಿತು. ತಿಂಗಳುಗಳಲ್ಲ, ವರ್ಷ ಕಳೆದರೂ ಬಾಗಿಲು ತೆರೆಯಲಿಲ್ಲ.

ಇದನ್ನೆಲ್ಲ ತಿಳಿಯಲು ಜಿನೀವಾಕ್ಕೆ ಹೋಗಬೇಕಿಲ್ಲ. ನಮ್ಮದೇ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ನಾಗರಿಕರ ಒಪ್ಪಂದ ಇದೆ. ಮುಂದಿನ ಚರ್ಚೆಗೆ ಕೂರುವ ಮೊದಲು 4 (ಒಪ್ಪಂದದ ರಕ್ಷಣೆ ಯಾರಿಗೆ ಎಂದು ಹೇಳುವುದು), 76, 78 ಈ ಮೂರು ವಿಧಿಗಳನ್ನಾದರೂ ಓದಿಕೊಂಡು ಬನ್ನಿ.