ಶಾಸನದ ಸಾಲಿಗೆ ಜೆಸನ್ ಸಾಲದು

ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಬರೆದಿಡುವ ಎರಡು ವಿಧಾನಗಳಾದ ಜೆಸನ್ (JSON) ಮತ್ತು ಎಕ್ಸ್‌ಎಂಎಲ್ (XML) ಕುರಿತ ಲೇಖನದಲ್ಲಿ ‘ಜೆಸನ್ ಬಂದ ಮೇಲೆ ಎಕ್ಸ್‌ಎಂಎಲ್‌ನ ಅಗತ್ಯವೇ ಉಳಿದಿಲ್ಲ’ ಎಂದಿರುವ ಲೇಖಕರ ಮಾತನ್ನು ನಾನು ಒಪ್ಪಲಾರೆ. ಮೆಕ್ಕೆಜೋಳದ ಧಾರಣೆ, ಮಳೆಯ ಪ್ರಮಾಣ ಮುಂತಾಗಿ ಹೆಸರು-ಮೌಲ್ಯಗಳ ಜೋಡಿಯಾಗಿ ಬಿಡಿಸಿಡಬಹುದಾದ ಮಾಹಿತಿಗೆ ಅದು ಬಹುಮಟ್ಟಿಗೆ ನಿಜ. ಪಠ್ಯವೇ ದತ್ತಾಂಶವಾದಾಗ ಅಲ್ಲ.

ಚಿತ್ರದುರ್ಗ ಜಿಲ್ಲೆಯವನಾದ ನಾನು ಕೆಲವು ವರ್ಷಗಳಿಂದ ನಮ್ಮ ಸುತ್ತಲಿನ ಶಾಸನಗಳ ಪಾಠವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡುತ್ತಿದ್ದೇನೆ. ಒಂದೇ ಸಾಲಿನಲ್ಲಿ ಎರಡು ಅಕ್ಷರ ಸವೆದುಹೋಗಿರುತ್ತವೆ, ಮತ್ತೊಂದು ಅಸ್ಪಷ್ಟವಾಗಿರುತ್ತದೆ, ಮುಂದಿನ ಪದವನ್ನು ಸಂಪಾದಕರು ಊಹಿಸಿ ತುಂಬಿರುತ್ತಾರೆ, ಕಲ್ಲಿನ ಸಾಲು ಪದದ ನಡುವೆಯೇ ಮುರಿದಿರುತ್ತದೆ. ಓದಿನ ಹರಿವು ಕೆಡದಂತೆ ಇವನ್ನೆಲ್ಲ ಇದ್ದಲ್ಲೇ ಗುರುತಿಸಲು ಎಕ್ಸ್‌ಎಂಎಲ್ ಟ್ಯಾಗ್‌ಗಳಿಂದ, ಅಂದರೆ ಪಠ್ಯದ ನಡುವೆ < > ಒಳಗೆ ಬರೆಯುವ ಗುರುತುಗಳಿಂದ, ಸಾಧ್ಯವಾಗುತ್ತದೆ. ಜೆಸನ್‌ನಲ್ಲಾದರೆ ಅದೇ ಸಾಲನ್ನು ಚೂರುಚೂರಾಗಿ ಒಡೆದಿಡಬೇಕು, ನಾನು ಪ್ರಯತ್ನಿಸಿ ಕೈಬಿಟ್ಟಿದ್ದೇನೆ. ಇದಕ್ಕೆಂದೇ, ಪಠ್ಯಗಳನ್ನು ಎಕ್ಸ್‌ಎಂಎಲ್‌ನಲ್ಲಿ ದಾಖಲಿಸುವ ಟಿಇಐ (TEI) ಮಾರ್ಗಸೂಚಿಯ ಆಧಾರದ ಮೇಲೆ ಶಾಸನಗಳಿಗಾಗಿ ರೂಪುಗೊಂಡ ಎಪಿಡಾಕ್ (EpiDoc) ಎಂಬ ಸಾಮಾನ್ಯ ಪದ್ಧತಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ದಾಖಲಿಸುವವರೂ ಗ್ರೀಕ್ ಶಾಸನವನ್ನು ದಾಖಲಿಸುವವರೂ ನಷ್ಟವಾದ ಅಕ್ಷರಕ್ಕೆ ಒಂದೇ ಟ್ಯಾಗ್ ಬಳಸುವುದರಿಂದ, ಎರಡನ್ನೂ ಒಂದೇ ತಂತ್ರಾಂಶದಲ್ಲಿ ಹುಡುಕಬಹುದು.

1998ರ ಎಕ್ಸ್‌ಎಂಎಲ್ 1.0 ಟ್ಯಾಗಿನ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ಬರೆಯಲು ಅವಕಾಶ ಕೊಟ್ಟಿತ್ತು ಎಂಬುದನ್ನೂ ಲೇಖನ ಗಮನಿಸಬೇಕಿತ್ತು. ಟ್ಯಾಗ್‌ಗಳಿಂದ ಕಡತದ ಗಾತ್ರ ಹೆಚ್ಚುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಯಾವ ಅಕ್ಷರ ಕಲ್ಲಿನದು, ಯಾವುದು ಸಂಪಾದಕರ ಊಹೆ ಎಂಬುದು ಅಳಿಸಿಹೋದರೆ ಆ ಪಾಠವನ್ನು ಮುಂದಿನ ಸಂಶೋಧಕರು ನಂಬುವಂತಿಲ್ಲ; ಜಾಗ ಉಳಿಸಲು ಕಡತವನ್ನು ಜಿಪ್ ಮಾಡಿದರಾಯಿತು.